ಅವ್ವನ ಕೈಗೆ ತಿಳಿಯದ ಬಿಸಿ

ಬಾಣಂತಿಗೆ ನೀರು ಹಾಕುವುದು ಅಂದರೆ ನಮ್ಮ ಕಡೆ ಒಂದು ಶಿಕ್ಷೆ. ಹೆತ್ತವಳು ದಣಿದಿದ್ದಾಳೆ ಎಂಬ ಕರುಣೆ ಬಚ್ಚಲಿನ ಬಾಗಿಲಲ್ಲೇ ಮುಗಿಯುತ್ತದೆ. ಒಳಗೆ ಹಂಡೆಯ ನೀರು ಕೊತಕೊತ ಕುದಿಯುತ್ತಿರುತ್ತದೆ, ತೆಂಗಿನ ಸಿಪ್ಪೆಯ ಹೊಗೆ ಕಣ್ಣಿಗೆ ಹತ್ತುತ್ತದೆ, ನೀರು ಹಾಕುವವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಚೊಂಬು ಹಿಡಿದು ನಿಂತಿರುತ್ತಾಳೆ. ನೀರು ಬೆನ್ನಿಗೆ ಬಿದ್ದಾಗ ಬಾಣಂತಿ ಕೂಗಬೇಕು. ಕೂಗದಿದ್ದರೆ ಬಿಸಿ ಸಾಲದು ಅಂತ ಲೆಕ್ಕ. ಇನ್ನೂ ಜೋರಾಗಿ ಕೂಗಿದರೆ ಪಕ್ಕದ ಮನೆಯವರು ಬೇಲಿಯಾಚೆ ನಿಂತು ನಗುತ್ತಾರೆ. ಇಂಥ ಏರ್ಪಾಡಿನಲ್ಲಿ ನಿಜವಾಗಿಯೂ ಸುಟ್ಟುಹೋಗುತ್ತಿರುವವಳು ಏನು ಮಾಡಬೇಕು ಎಂಬುದನ್ನು ಯಾರೂ ಯೋಚಿಸಿದಂತಿಲ್ಲ.

ನಮ್ಮ ಕೇರಿಯಲ್ಲಿ ಆ ಚೊಂಬು ಹಿಡಿಯುವವಳು ನನ್ನ ಅವ್ವ. ಅಂಕೋಲೆಗೆ ಹತ್ತಿರ, ಕಡಲ ದಂಡೆಗೆ ತಾಗಿಕೊಂಡಿರುವ ಮೀನುಗಾರರ ಕೇರಿ ನಮ್ಮದು. ಅಪ್ಪ ನಾನು ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡ. ತಮ್ಮ ಗೋವಾದ ಬೋಟುಗಳಲ್ಲಿ ದುಡಿಯುತ್ತಾನೆ, ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಂಕೋಲಾ ಪೇಟೆಯ ಮೀನು ಮಾರ್ಕೆಟ್ಟಿನಲ್ಲಿ ಕೂತು ಬಂಗಡೆ, ಶೆಟ್ಲಿ ಮಾರಿ ಅವ್ವ ನಮ್ಮಿಬ್ಬರನ್ನು ಸಾಕಿದಳು. ಮಾರ್ಕೆಟ್ಟಿಗೆ ಹೊರಡುವ ಮೊದಲು ಕೇರಿಯಲ್ಲಿ ಯಾರದಾದರೂ ಮನೆಗೆ ಹೋಗಿ ಕೂಸಿಗೂ ಬಾಣಂತಿಗೂ ನೀರು ಹಾಕಿ ಬರುವುದು ಅವಳ ಇನ್ನೊಂದು ಕೆಲಸ. ಅದಕ್ಕೆ ಸಂಬಳವಿಲ್ಲ, ಮರ್ಯಾದೆ ಇದೆ. ಅವಳು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಎಣ್ಣೆ ತಿಕ್ಕತೊಡಗಿದರೆ ಎಂಥ ಹಟದ ಕೂಸೂ ಸುಮ್ಮನಾಗುತ್ತಿತ್ತು. ಕೇರಿಯ ಅರ್ಧ ಜನ ಅವಳ ಕಾಲ ಮೇಲೆ ಮಿಂದವರೇ. ಜಗಳ ಬಂದಾಗ ಅದನ್ನೇ ಎತ್ತಿ ಆಡುತ್ತಿದ್ದಳು: "ನಿನ್ ಕುಂಡಿ ತೊಳ್ದವ್ಳು ನಾನು, ನಂಗೇ ಎದುರು ಮಾತಾಡ್ತ್ಯಾ?"

ನಾನು ಕಾರವಾರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ಬೋಟಿನ ಎಂಜಿನ್ನು ರಿಪೇರಿ ಮಾಡುತ್ತಾನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ, ಹೆಣ್ಣು ಕೂಸಾಯಿತು. ಊರಿನ ಕೂಸುಗಳನ್ನೆಲ್ಲ ಮೀಯಿಸಿದ ಅವ್ವನಿಗೆ ಕೊನೆಗೂ ತನ್ನದೇ ಮೊಮ್ಮಗಳು ಸಿಕ್ಕಳು. ಮಾರ್ಕೆಟ್ಟಿನ ಜಾಗ ನೋಡಿಕೊಳ್ಳಲು ಪಕ್ಕದವಳಿಗೆ ಹೇಳಿ ಮನೆಯಲ್ಲೇ ಉಳಿದಳು. ಕೂಸನ್ನು ಕೆಳಗಿಡುತ್ತಿದ್ದುದೇ ಅಪರೂಪ. ಹಾಲು ಕುಡಿಸುವಷ್ಟು ಹೊತ್ತು ನನಗೆ ಕೊಟ್ಟು, ಎದುರಿಗೇ ಕೂತು, ಯಾವಾಗ ವಾಪಸು ಕೊಡುತ್ತೀ ಎಂಬಂತೆ ನೋಡುತ್ತಿದ್ದಳು.

ಆಗಿನದೆಲ್ಲ ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಮಿಂದು ಬಂದ ಕೂಸು ಕೆಂಪಗಿರುತ್ತಿತ್ತು, ಬಿಕ್ಕಿ ಬಿಕ್ಕಿ ಅತ್ತು ನಿದ್ದೆ ಹೋಗುತ್ತಿತ್ತು. ಒಳ್ಳೇ ಬಣ್ಣ ಬರುತ್ತಿದೆ ಎಂದು ನೋಡಲು ಬಂದವರು ಹೇಳುತ್ತಿದ್ದರು, ನಾವು ಹಿಗ್ಗುತ್ತಿದ್ದೆವು.

ಒಂದು ದಿನ ಒಣ ಸಿಪ್ಪೆ ಹೆಚ್ಚಾಗಿ ಹಂಡೆಯ ಕೆಳಗೆ ಬೆಂಕಿ ಜೋರಾಗಿತ್ತು. ಕೂಸು ಮಲಗಿದ್ದರಿಂದ ಅವ್ವ ನನ್ನನ್ನೇ ಮೊದಲು ಬಚ್ಚಲಿಗೆ ಕರೆದಳು. ಮೊದಲ ಚೊಂಬು ಬೆನ್ನಿಗೆ ಬಿದ್ದಾಗ ನನಗೆ ಕೂಗಲಿಕ್ಕೂ ಉಸಿರು ಬರಲಿಲ್ಲ. ಎರಡನೆಯದಕ್ಕೆ ಕೂಗಿದೆ.

"ಅವ್ವಾ, ಸುಡ್ತದೆ!"

"ಸುಡೂಕೇ ಹಾಕೂದು. ಸುಮ್ನೆ ಕೂತ್ಕಾ ಅಕ್ಕೋರೇ" ಅಂದಳು. ನಮ್ಮ ಕಡೆ ಟೀಚರಮ್ಮನವರಿಗೆ ಅಕ್ಕೋರು ಅನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದಂದಿನಿಂದ, ಸಿಟ್ಟು ಬಂದಾಗಲೆಲ್ಲ ಅವ್ವನಿಗೆ ನಾನು ಅಕ್ಕೋರೇ.

ಬೇಲಿಯಾಚೆ ಯಾರೋ ನಕ್ಕರು. ಇನ್ನೊಂದು ಚೊಂಬು ಬಿತ್ತು. ನಾನು ಎದ್ದು, ಅವಳನ್ನು ತಳ್ಳಿ, ಟವೆಲು ಸುತ್ತಿಕೊಂಡು ಹೊರಗೆ ಬಂದೆ. ಹೆಗಲಿನ ಕೆಳಗೆ ಮುಟ್ಟಿದರೆ ಚರ್ಮ ಜಾರಿದಂತಾಯಿತು. ಅವ್ವ ಒಳಗಿನಿಂದ ಬಯ್ಯುತ್ತಲೇ ಇದ್ದಳು, ಈಗಿನ ಹುಡುಗಿಯರಿಗೆ ಮೈಯಲ್ಲಿ ಕಸುವಿಲ್ಲ, ಬೆಣ್ಣೆಯಲ್ಲಿ ಮಾಡಿದ ಮೈ, ಹೀಗೆ. ಬಯ್ಯುತ್ತಲೇ ಕೂಸಿಗೆಂದು ಬೇರೆ ಬಕೆಟ್ಟಿನಲ್ಲಿ ಬೆರೆಸಿಟ್ಟಿದ್ದ ನೀರನ್ನು ಹೊರಗೆ ತಂದಿಟ್ಟು, ಬಲಗೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿ ಕದಡಿದಳು.

"ಇದ್ನೋಡು. ಕೂಸಿನ ನೀರು ಹ್ಯಾಂಗದೆ, ಉಗುರುಬೆಚ್ಚಗೆ. ಅದ್ಕೆ ಇಷ್ಟು ಬಿಸಿ ತಡೀತದೆ, ನಿಂಗೆ ತಡ್ಯೂದಿಲ್ಲ."

ಸಿಟ್ಟಿನಲ್ಲಿ ನಾನೂ ಅದರಲ್ಲಿ ಬೆರಳಿಟ್ಟೆ. ಇಟ್ಟ ವೇಗದಲ್ಲೇ ತೆಗೆದೆ. ಅವಳ ಕೈ ಇನ್ನೂ ಒಳಗೇ ಇತ್ತು, ನಿಧಾನವಾಗಿ ಸುತ್ತುತ್ತಿತ್ತು. ನಾನು ಅದನ್ನು ಹಿಡಿದು ಎಳೆದೆ. ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಅವಳ ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ, ಮಗಳು ಯಾಕೆ ಹೀಗೆ ಆಡುತ್ತಾಳೆ ಎಂಬ ಬೇಸರ ಮಾತ್ರ ಇತ್ತು. ಒಳಗೆ ಕೂಸು ಎದ್ದು ಅಳತೊಡಗಿತು. ನನ್ನ ಬೆನ್ನು ಉರಿಯುತ್ತಿದ್ದುದು ಆ ಕ್ಷಣ ಮರೆತೇ ಹೋಯಿತು. ಅಷ್ಟು ಹೆದರಿಕೊಂಡಿದ್ದೆ.

"ಇದು ಐಸಿನ ಕೈ ಮಾರಾಯ್ತಿ. ಮಾರ್ಕೆಟ್ಟಲ್ಲಿ ಎಲ್ರಿಗೂ ಹೀಂಗೇ" ಅಂದಳು ಅವ್ವ.

ಅದು ಸುಳ್ಳೂ ಅಲ್ಲ. ಮೀನು ಮಾರುವ ಹೆಂಗಸರು ಬೆಳಿಗ್ಗೆಯಿಂದ ಐಸಿನ ಪುಡಿಯಲ್ಲಿ ಕೈಯಾಡಿಸುತ್ತಾರೆ. ಬೆರಳು ಮರಗಟ್ಟುವುದು, ಮುಳ್ಳು ಚುಚ್ಚಿದ್ದು ಗೊತ್ತಾಗದೇ ಇರುವುದು, ಮನೆಗೆ ಬಂದು ಒಲೆಯ ಮುಂದೆ ಕೈ ಕಾಯಿಸಿಕೊಳ್ಳುವುದು ಅವರ ದಿನದ ಪಾಡು. ಯಾರ ಕೈಯಾದರೂ ಜೋಮು ಹಿಡಿದರೆ ಐಸು ಹಿಡಿದಿದೆ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅವರ ಕೈ ಒಂದೆರಡು ತಾಸಿನಲ್ಲಿ ಬಿಸಿಯಾಗಿ ಮರಳುತ್ತಿತ್ತು. ಅವ್ವನದು ಮರಳುತ್ತಿರಲಿಲ್ಲ. ಇಪ್ಪತ್ತು ಮೂವತ್ತು ಹೆಂಗಸರು ಸಾಲಾಗಿ ಕೂತು ಒಂದೇ ಮಾತನ್ನು ಹೇಳುತ್ತಿದ್ದಾಗ, ತನ್ನ ಕೈಯ ಜೋಮು ಬೇರೆ ಜಾತಿಯದು ಅಂತ ಅವಳಿಗಾದರೂ ಹೇಗೆ ಹೊಳೆಯಬೇಕು? ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಾಳೆ ಎಂದು ಕೇರಿಯಲ್ಲಿ ಅವಳಿಗೆ ಹೆಸರು ಬೇರೆ ಇತ್ತು.

ಮತ್ತೆ ಆ ಕಲೆ. ಬಲ ಮೊಣಕೈಯ ಮೇಲೆ ಅಂಗೈಯಗಲದ ಒಂದು ಮಾಸಲು ಕಲೆ ಇತ್ತು, ಅಂಚು ಸ್ವಲ್ಪ ಕೆಂಪು. ಗಜಕರ್ಣ ಅಂತ ಪೇಟೆಯ ಯಾವುದೋ ಔಷಧಿ ಅಂಗಡಿಯವನು ಒಂದು ಟ್ಯೂಬು ಕೊಟ್ಟಿದ್ದ. ಡಾಕ್ಟರರ ಚೀಟಿ ಇಲ್ಲದೆ ಕೊಡಬಾರದ ಔಷಧಿ ಅದು. ಆದರೆ ನಮ್ಮಲ್ಲಿ ಚೀಟಿ ಕೇಳುವ ಅಂಗಡಿಯವನನ್ನು ಜಂಬದವನು ಅನ್ನುತ್ತಾರೆ. ಆ ಟ್ಯೂಬು ಮಾರ್ಕೆಟ್ಟಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಒಬ್ಬಳು ಮುಖದ ಬಂಗಿಗೆ ಹಚ್ಚಿದರೆ, ಇನ್ನೊಬ್ಬಳು ಗಂಡನ ತೊಡೆಸಂದಿಯ ತುರಿಕೆಗೆ, ಮತ್ತೊಬ್ಬಳು ಹಿಮ್ಮಡಿಯ ಒಡಕಿಗೆ. ಅವ್ವ ಎರಡು ಮಳೆಗಾಲ ಹಚ್ಚಿದಳು. ಕಲೆ ಒಮ್ಮೆ ತಿಳಿಯಾದಂತೆ ಕಾಣುತ್ತಿತ್ತು, ಮತ್ತೆ ಮೂಡುತ್ತಿತ್ತು. ತುರಿಸುವುದಿಲ್ಲವಲ್ಲ, ಅಷ್ಟೇ ಸಾಕು ಅನ್ನುತ್ತಿದ್ದಳು. ತುರಿಸದೇ ಇದ್ದದ್ದೇ ಅದರ ಕೆಟ್ಟ ಗುಣ ಎಂದು ನನಗೂ ತಿಳಿದಿರಲಿಲ್ಲ.

ಅವ್ವನನ್ನು ಆಸ್ಪತ್ರೆಗೆ ಒಯ್ಯುವುದು ಸುಲಭವಿರಲಿಲ್ಲ. ತನ್ನ ಕೈ ತೋರಿಸಲು ಅಂದರೆ ಬರುತ್ತಲೇ ಇರಲಿಲ್ಲ. ನನ್ನ ಬೆನ್ನಿನ ಗುಳ್ಳೆ ತೋರಿಸಬೇಕು ಎಂದು ಹಟ ಹಿಡಿದೆ. ನಲವತ್ತು ದಿನ ತುಂಬದ ಬಾಣಂತಿ ಹೊಸ್ತಿಲು ದಾಟುವುದೇ ಎಂದು ಕೂಗಾಡಿದಳು, ಕಡೆಗೆ ಕೂಸನ್ನು ಎತ್ತಿಕೊಳ್ಳಲು ಜನ ಬೇಕಲ್ಲ ಎಂದು ತಾನೂ ಹೊರಟಳು. ಗಂಡ ಯಾರದೋ ಕಾರು ತಂದ. ಕಾರವಾರದವರೆಗೆ ಕೂಸು ಅವ್ವನ ಮಡಿಲಲ್ಲೇ ಇತ್ತು. ದಾರಿಯುದ್ದಕ್ಕೂ ಅದರ ಕಿವಿಯ ಹತ್ತಿರ ಬಗ್ಗಿ ಅದಕ್ಕೆ ಕಡಲು ತೋರಿಸುತ್ತಿದ್ದಳು, ತಿಂಗಳೂ ತುಂಬದ ಕೂಸಿಗೆ.

ಆಸ್ಪತ್ರೆಯ ಚರ್ಮದ ಡಾಕ್ಟರು ನಡುವಯಸ್ಸಿನ ಹೆಂಗಸು. ನನ್ನ ಬೆನ್ನಿಗೆ ಮುಲಾಮು ಬರೆದು, ಯಾರಮ್ಮ ಹೀಗೆ ಸುಟ್ಟವರು ಅಂದರು. ನಾನು ಅವ್ವನನ್ನು ಮುಂದಕ್ಕೆ ತಳ್ಳಿ, ಇವರ ಕೈ ನೋಡಿ ಅಂದೆ. ಅವ್ವ ನನ್ನನ್ನು ತಿಂದುಬಿಡುವಂತೆ ನೋಡಿದಳು. ಕೂಸನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತಳು. ಡಾಕ್ಟರು ಕಲೆ ನೋಡಿದರು, ಮೊಣಕೈಯ ಒಳಬದಿಯ ನರವನ್ನು ಒತ್ತಿ ನೋಡಿದರು, ಆಮೇಲೆ ಅವಳ ಹುಬ್ಬನ್ನು ನೋಡಿದರು. ಹುಬ್ಬಿನ ಹೊರತುದಿಯ ಕೂದಲು ಉದುರಿ ಹೋಗಿತ್ತು. ವಯಸ್ಸಿಗೆ ಹೀಗಾಗುತ್ತದೆ ಎಂದು ನಾನು ಅದನ್ನು ನೋಡಿಯೂ ನೋಡಿರಲಿಲ್ಲ.

"ಅಮ್ಮ, ಕಣ್ಣು ಮುಚ್ಚಿಕೊಳ್ಳಿ. ನಾನು ಹತ್ತಿಯಿಂದ ಮುಟ್ಟಿದ ಕೂಡಲೇ ಹೂಂ ಅನ್ನಿ."

ಎಡಗೈಗೆ ಹತ್ತಿ ತಾಗಿದಾಗಲೆಲ್ಲ ಅವ್ವ ಸರಿಯಾಗಿ ಹೂಂ ಅಂದಳು. ಬಲಗೈಗೆ ಬಂದಾಗ, ಗಿರಾಕಿಗೆ ಬಂಗಡೆ ಎಣಿಸಿ ಹಾಕುವ ಲಯದಲ್ಲಿ ಹೂಂ, ಹೂಂ, ಹೂಂ ಎನ್ನುತ್ತಾ ಹೋದಳು. ಡಾಕ್ಟರು ಹತ್ತಿಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತರು. ಅವ್ವ ಇನ್ನೂ ಹೂಂ ಎನ್ನುತ್ತಲೇ ಇದ್ದಳು. ನನಗೆ ನಗು ಬಂದಿತ್ತು. ಡಾಕ್ಟರ ಮುಖ ನೋಡಿದೆ, ನಗು ಅಲ್ಲೇ ಸತ್ತಿತು.

ಚರ್ಮವನ್ನು ಕೆರೆದು ಪರೀಕ್ಷೆಗೆ ಕಳಿಸಿದರು. ಬಹಳ ಹೊತ್ತಿನ ಮೇಲೆ ಒಳಗೆ ಕರೆದು, ಬಾಗಿಲು ಮುಚ್ಚಿ, ಕುಷ್ಠ ಅಂದರು. ಒಂದು ವರ್ಷ ಮಾತ್ರೆ ನುಂಗಿದರೆ ಪೂರ್ತಿ ಗುಣವಾಗುತ್ತದೆ, ಸರಕಾರದಿಂದ ಪುಕ್ಕಟೆ ಸಿಗುತ್ತದೆ, ಹೆದರುವ ಕಾಲ ಹೋಯಿತು ಅಂದರು. ಆದರೆ ನರ ಆಗಲೇ ಕೆಟ್ಟಿದೆ, ಹೋದ ಸ್ಪರ್ಶ ಮರಳುವ ಖಾತ್ರಿಯಿಲ್ಲ, ಬೆರಳುಗಳನ್ನಾದರೂ ಉಳಿಸಿಕೊಳ್ಳೋಣ ಅಂತಲೂ ಅಂದರು. ಅವ್ವ ಅಷ್ಟನ್ನೂ ಕೇಳಿಸಿಕೊಂಡಳೋ ಇಲ್ಲವೋ. ಅವಳು ಕೇಳಿದ್ದು ಒಂದೇ.

"ಕೂಸಿಗೆ?"

"ಮೊದಲ ಡೋಸು ಹೊಟ್ಟೆಗೆ ಹೋದ ಮೇಲೆ ಇದು ಯಾರಿಗೂ ಹರಡುವುದಿಲ್ಲಮ್ಮ. ಮಗುವನ್ನು ನಾವು ಆಗಾಗ ನೋಡುತ್ತಿರುತ್ತೇವೆ. ನಿಮ್ಮ ಆ ಡೋಸನ್ನು ಈಗಲೇ, ಇಲ್ಲೇ ನುಂಗಿಸುತ್ತೇನೆ. ನೀವು ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ನೀರಿನ ಬಿಸಿಯನ್ನು ಮಾತ್ರ ಬೇರೆಯವರು ನೋಡಲಿ."

ಅವ್ವ ಮಾತ್ರೆ ನುಂಗಿದಳು. ನಾನು ಕೂಸನ್ನು ಅವಳತ್ತ ಚಾಚಿದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಎದ್ದು ಹೊರಗೆ ನಡೆದಳು. ಕಾರಿನಲ್ಲಿ ಗಂಡನ ಪಕ್ಕ ಮುಂದೆ ಕೂತಳು. ಹಿಂದೆ ಕೂಸು ಅತ್ತಾಗ ಒಮ್ಮೆ ತಿರುಗಿದವಳು ಹಾಗೇ ಮುಂದಕ್ಕೆ ಮುಖ ಮಾಡಿದಳು. ಮನೆ ಮುಟ್ಟುವವರೆಗೆ ಮತ್ತೆ ತಿರುಗಲಿಲ್ಲ.

ಮನೆಗೆ ಬಂದವಳೇ ನನ್ನ ಬಟ್ಟೆ ತುಂಬತೊಡಗಿದಳು.

"ನಾಳೆ ಹೊರಡು."

"ಡಾಕ್ಟರು ಹೇಳಿದ್ದು ಕೇಳಿಲ್ವಾ? ಏನೂ ಆಗೂದಿಲ್ಲ."

"ಅವ್ರಿಗೆ ಎಂತ, ಅವ್ರ ಕೂಸಲ್ಲ. ಗುಳಿಗೆ ಮುಗಿಯೂವರೆಗೆ ನಾ ಅದ್ನ ಮುಟ್ಟೂದಿಲ್ಲ. ನಿನ್ನತ್ತೆ ಕೇಳಿದ್ರೆ ಅವ್ವಗೆ ಸೊಂಟ ಹಿಡದದೆ ಅನ್ನು."

ನಾನು ಅತ್ತುಕರೆದೆ, ಬೈದೆ, ಊಟ ಬಿಟ್ಟೆ. ಅವಳದು ಕಲ್ಲುಮನಸ್ಸು. ಮರುದಿನ ನಾನು ಕೂಸನ್ನು ಎತ್ತಿಕೊಂಡು ಕಾರವಾರಕ್ಕೆ ಹೋದೆ. ಗಂಡನಿಗೆ ವಿಷಯ ಗೊತ್ತಿತ್ತು, ತನ್ನ ತಾಯಿಗೆ ಹೇಳಲಿಲ್ಲ. ಅವನ ಆ ಒಂದು ಗುಣಕ್ಕೆ ನಾನು ಉಳಿದದ್ದೆಲ್ಲ ಸಹಿಸಿಕೊಂಡಿದ್ದೇನೆ.

ಮಾತ್ರೆ ಊರಿನ ಆರೋಗ್ಯ ಕೇಂದ್ರದಲ್ಲೇ ಸಿಗುತ್ತಿತ್ತು. ಅಲ್ಲಿ ಹೋದರೆ ಕೇರಿಗೆ ಗೊತ್ತಾಗುತ್ತದೆ ಎಂದು ಅವ್ವ ಕಾರವಾರಕ್ಕೇ ಬರುವುದಾಗಿ ಡಾಕ್ಟರನ್ನು ಒಪ್ಪಿಸಿದಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ನರ್ಸಿನ ಎದುರು ಒಂದು ಡೋಸು ನುಂಗಿ, ಮುಂದಿನ ಪಾಕೀಟು ಒಯ್ಯಬೇಕು. ಕೇರಿಯಲ್ಲಿ, ಕೂಸನ್ನು ನೋಡೂಕೆ ಹೋಗ್ತೆ ಎಂದು ಹೇಳಿ ಹೊರಡುತ್ತಿದ್ದಳು. ಅಜ್ಜಿ ಅಂದರೆ ಹೀಗಿರಬೇಕು ಎಂದು ಹೆಂಗಸರು ಮೆಚ್ಚಿಕೊಂಡರಂತೆ.

ನೋಡುತ್ತಿದ್ದುದೇನೋ ಹೌದು. ನಾನು ಆ ದಿನ ರಜೆ ಹಾಕಿ ಕೂಸನ್ನು ಕರೆದುಕೊಂಡು ಆಸ್ಪತ್ರೆಯ ವರಾಂಡಕ್ಕೆ ಹೋಗುತ್ತಿದ್ದೆ. ಉದ್ದ ಬೆಂಚಿನ ಒಂದು ತುದಿಗೆ ನಾವು, ಇನ್ನೊಂದು ತುದಿಗೆ ಅವ್ವ. ಗಿಲಕಿ, ಟೊಪ್ಪಿಗೆ, ಬಿಸ್ಕತ್ತು ಏನಾದರೊಂದು ತರುತ್ತಿದ್ದಳು. ಕೈಗೆ ಕೊಡುತ್ತಿರಲಿಲ್ಲ, ಬೆಂಚಿನ ಮೇಲಿಟ್ಟು ನನ್ನ ಕಡೆಗೆ ಸರಿಸುತ್ತಿದ್ದಳು. ಮೊದಮೊದಲು ಕೂಸು ನಿದ್ದೆಯಲ್ಲೇ ಇರುತ್ತಿತ್ತು. ಆಮೇಲೆ ಕೂರಲು ಕಲಿತಾಗ ಅವಳನ್ನು ನೋಡಿ ನಕ್ಕಿತು. ಒಮ್ಮೆ ಎರಡೂ ಕೈ ಚಾಚಿ, ಎತ್ತಿಕೋ ಅಂತ ಮುಂದಕ್ಕೆ ಬಗ್ಗಿತು. ಅವ್ವ ಬೆಂಚಿನ ತುದಿಯಿಂದ ಇನ್ನೂ ಆಚೆ ಸರಿದು ಎದ್ದು ನಿಂತಳು. ಕೂಸು ಮುಖ ಸಣ್ಣ ಮಾಡಿತು. ಮುಂದಿನ ತಿಂಗಳು ಕೈ ಚಾಚಲಿಲ್ಲ. ಅದರ ಮುಂದಿನ ತಿಂಗಳು ಅವಳನ್ನು, ಸಾಲಿನಲ್ಲಿ ಕಾಯುತ್ತಿದ್ದ ಉಳಿದ ಜನರನ್ನು ನೋಡಿದ ಹಾಗೇ ನೋಡಿತು.

ಅಷ್ಟರಲ್ಲಿ ಅವ್ವನ ಮೈ ಕಪ್ಪಾಗುತ್ತಿತ್ತು. ಆ ಪಾಕೀಟಿನಲ್ಲಿರುವ ಒಂದು ಗುಳಿಗೆಯ ಗುಣ ಅದು, ಮುಗಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮುಖ, ಕತ್ತು, ಕೈ ಎಲ್ಲ ಸುಟ್ಟ ಗೇರುಬೀಜದ ಬಣ್ಣಕ್ಕೆ ತಿರುಗಿದವು. ಚರ್ಮ ಒಣಗಿ ಹೊಟ್ಟು ಏಳುತ್ತಿತ್ತು. ಮಾರ್ಕೆಟ್ಟಿನ ಹೆಂಗಸರು ಬಿಡುತ್ತಾರೆಯೇ? ಏನೇ ಇದು ಬಣ್ಣ, ಅಂತ ದಿನಕ್ಕೊಬ್ಬಳು ಕೇಳಿದಳು. ಮಗಳ ಬಾಣಂತನ ಮಾಡಿ ಒಲೆಯ ಮುಂದೆ ಕೂತು ಬೆಂದೆ ಎಂದು ಅವ್ವ ಉತ್ತರ ಕೊಟ್ಟಳು. ಐಸು ಮುಟ್ಟಲು ರಬ್ಬರಿನ ಕೈಗವಸು ಹಾಕಿಕೊಂಡರೆ, "ಎಂತದೇ, ಡಾಕ್ಟರಿಕೆ ಕಲ್ತ್ಯಾ?" ಅಂದರು. "ಹೌದು, ಮೊದ್ಲು ನಿನ್ನ ನಾಲ್ಗೆ ಆಪರೇಶನ್ ಮಾಡ್ತೆ" ಅಂದಳಂತೆ. ಅವಳಿಗೇ ಹೊಸ ಟ್ಯೂಬು ತಂದುಕೊಟ್ಟ ಪುಣ್ಯಾತ್ಗಿತ್ತಿಯರೂ ಇದ್ದರು, ಕಪ್ಪು ಹೋಗುತ್ತದೆ ಹಚ್ಚು ಅಂತ. ನಾನು ಅದನ್ನು ಕಸಿದು ಆಸ್ಪತ್ರೆಯ ಕಸದ ಡಬ್ಬಿಗೆ ಎಸೆದೆ. ಎಸೆದ ಸದ್ದಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದೇ ಎಸೆದದ್ದು.

ಮಳೆಗಾಲ ಹಿಡಿದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಎಡ ಮೊಣಕೈಯ ನರ ಊದಿಕೊಂಡು ನೋವು ಶುರುವಾಯಿತು. ಮಾತ್ರೆ ನುಂಗುತ್ತಿರುವಾಗಲೂ ಕೆಲವರಿಗೆ ಹೀಗೆ ಮೈ ರೇಗುತ್ತದಂತೆ, ಕೂಡಲೇ ಬರಬೇಕಿತ್ತಂತೆ. ಬೋಟುಗಳೆಲ್ಲ ದಡ ಸೇರಿದ ದಿನಗಳು, ಒಣಮೀನು ಮಾರಿ ಬದುಕುವ ಹೊತ್ತು. ಅವ್ವ ತಿಂಗಳ ಸರದಿ ಬರುವವರೆಗೆ ಹಲ್ಲು ಕಚ್ಚಿ ಕೂತುಬಿಟ್ಟಿದ್ದಳು. ನನಗೆ ಒಂದು ಫೋನು ಮಾಡಲಿಲ್ಲ. ಡಾಕ್ಟರು ಸ್ಟೆರಾಯ್ಡ್ ಮಾತ್ರೆ ಕೊಟ್ಟರು, ಒಮ್ಮೆಲೇ ನಿಲ್ಲಿಸಬಾರದು, ಮೆಲ್ಲಗೆ ಇಳಿಸುತ್ತಾ ಬರಬೇಕು ಎಂದು ಎಚ್ಚರಿಸಿದರು. ನೋವು ಹೋಯಿತು. ಆದರೆ ಅಷ್ಟರಲ್ಲಿ ಎಡಗೈಯ ಸ್ಪರ್ಶವೂ ಹೋಗಿತ್ತು. ಈ ಸಲ ಹತ್ತಿಯ ಪರೀಕ್ಷೆಯಲ್ಲಿ ಅವ್ವ ಸುಳ್ಳು ಹೂಂ ಎನ್ನಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು. ಬಲಗೈಯ ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಬಾಗಿ ನಿಂತಿದ್ದವು. ಸ್ಟೆರಾಯ್ಡಿಗೆ ಮುಖ ಊದಿ ದುಂಡಗಾಯಿತು. ಮಗಳ ಮನೆಯ ಊಟ ಮೈಗೆ ಹಿಡಿದಿದೆ ಅಂತ ಕೇರಿಯವರು ಹೊಗಳಿದರು. ಕಪ್ಪಾಗಿ, ಊದಿ, ಹುಬ್ಬಿಲ್ಲದ ಆ ಮುಖದಲ್ಲಿ ನನ್ನ ಅವ್ವ ಎಲ್ಲಿದ್ದಾಳೆ ಎಂದು ನಾನೇ ಒಂದು ಕ್ಷಣ ಹುಡುಕಬೇಕಾಗುತ್ತಿತ್ತು.

ಅವತ್ತು ನನಗೆ ತಡೆಯಲಾಗಲಿಲ್ಲ. ವರಾಂಡದಲ್ಲೇ ಗದರಿದೆ.

"ಊರಿಗೆಲ್ಲ ಮೀನು ಕೊಡ್ತಿ. ಆ ಕೈ ಊರಿಗಾಗ್ತದೆ, ನನ್ನ ಕೂಸಿಗೆ ಆಗೂದಿಲ್ವಾ?"

"ಮೀನು ಸತ್ತದ್ದು" ಅಂದಳು ಅವ್ವ. "ಮತ್ತೆ ಅವ್ರು ಕುದ್ಸಿ ತಿಂತ್ರು."

ಡಾಕ್ಟರೇ ಎರಡು ಸಲ ಬಯ್ದಿದ್ದರು. ಬೆಂಚಿನ ಆ ತುದಿಯಲ್ಲಿ ಕೂರುವುದಕ್ಕೆ ಅರ್ಥವಿಲ್ಲ, ನಿಮ್ಮಿಂದ ಮಗುವಿಗೆ ಏನೂ ಆಗುವುದಿಲ್ಲ, ಮಗುವನ್ನು ಪರೀಕ್ಷೆ ಮಾಡಿದ್ದೇವೆ, ಚೆನ್ನಾಗಿದೆ ಎಂದು ಹೇಳಿದ್ದರು. ಅವ್ವ ತಲೆಯಾಡಿಸುತ್ತಿದ್ದಳು, ಹಾಗೆಯೇ ದೂರ ಕೂರುತ್ತಿದ್ದಳು. ಮಾತ್ರೆಯ ವಿಷಯದಲ್ಲಿ ಅವಳಂಥ ರೋಗಿ ಸಿಗಲಿಕ್ಕಿಲ್ಲ. ಒಂದು ದಿನ ತಪ್ಪಿಸಲಿಲ್ಲ. ದಿನಾ ಸಂಜೆ ತಣ್ಣೀರಿನಲ್ಲಿ ಕೈ ನೆನೆಸಿ, ಎಣ್ಣೆ ಹಚ್ಚಿ, ಬಾಗಿದ ಬೆರಳನ್ನು ತೊಡೆಯ ಮೇಲಿಟ್ಟು ನೀವುತ್ತಿದ್ದಳು. ಗಾಯವಾಗಿದೆಯೇ ಎಂದು ಕೈಯನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಳು, ಕೈ ತಾನಾಗಿ ಹೇಳುತ್ತಿರಲಿಲ್ಲವಲ್ಲ. ಕೇರಿಯಲ್ಲಿ ಕೂಸುಗಳಿಗೆ ನೀರು ಹಾಕಲು ಕರೆದರೆ ಸೊಂಟ ನೋವು ಎಂದು ಹೇಳಿ ಹೋಗುವುದನ್ನೇ ಬಿಟ್ಟಳು. ಅಷ್ಟೆಲ್ಲ ಮಾಡಿದ್ದು ಮಾತ್ರೆ ಮುಗಿಯುವ ಆ ಒಂದು ದಿನಕ್ಕಾಗಿ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಿತ್ತು.

ಆ ದಿನವೂ ಬಂತು. ಡಾಕ್ಟರು ಕೊನೆಯ ಪರೀಕ್ಷೆ ಮುಗಿಸಿ, ರೋಗ ಹೋಯಿತಮ್ಮ ಅಂದರು. ಬಣ್ಣ ತಿಳಿಯಾಗಲು ಇನ್ನೂ ಸಮಯ ಬೇಕು, ಬೆರಳಿಗೆ ಬೇಕಾದರೆ ಆಪರೇಶನ್ ಇದೆ, ಕೈಯ ಸ್ಪರ್ಶ ಮಾತ್ರ ಇನ್ನು ಇಷ್ಟೇ ಎಂದರು.

"ಹಂಗಾರೆ ಇನ್ನು ಕೂಸನ್ನ ಎತ್ಕಳೂದಾ?" ಎಂದು ಅವ್ವ ಕೇಳಿದಳು.

"ಅದನ್ನು ನಾನು ಮೊದಲ ದಿನವೇ ಹೇಳಿದ್ದೆನಲ್ಲಮ್ಮಾ!" ಎಂದು ಡಾಕ್ಟರು ಹಣೆ ಚಚ್ಚಿಕೊಂಡರು.

ಆಸ್ಪತ್ರೆಯಲ್ಲಿ ಬೇಡ, ಮನೆಗೇ ಕರೆದುಕೊಂಡು ಬಾ ಅಂದಳು. ಭಾನುವಾರ ನಾನು ಕೂಸನ್ನು ಕರೆದುಕೊಂಡು ಕೇರಿಗೆ ಹೋದೆ. ಅವ್ವ ತಲೆಗೆ ಮಿಂದು, ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ದಂಡೆ ಮುಡಿದಿದ್ದಳು. ಜಗಲಿ ಗುಡಿಸಿ ಚಾಪೆ ಹಾಸಿದ್ದಳು. ಕೂಸಿಗೆ ಆಗ ತಾನೇ ನಡಿಗೆ ಬಂದಿತ್ತು, ನನ್ನ ಬೆರಳು ಹಿಡಿದು ಅಂಗಳ ದಾಟಿತು. ಅವ್ವ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿದಳು.

"ಬಾ ಮಗಾ. ಬಾ."

ಕೂಸು ನಿಂತಿತು. ಅವಳ ಮುಖವನ್ನೂ ಬಾಗಿದ ಬೆರಳುಗಳನ್ನೂ ನೋಡಿತು. ನನ್ನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿತು. ನಾನು ಪುಸಲಾಯಿಸಿದೆ, ಅಜ್ಜಿ ನೋಡು, ಅಜ್ಜಿ ಬಿಸ್ಕತ್ತು ಕೊಡ್ತದೆ ಅಂದೆ. ಬರಲಿಲ್ಲ. ನನಗೆ ಕೂಸಿನ ಮೇಲೆ ಸಿಟ್ಟು ಬಂತು, ಅದಕ್ಕೇನು ಗೊತ್ತು ಎಂದು ಗೊತ್ತಿದ್ದೂ ಬಂತು. ಎತ್ತಿ, ಬಲವಂತವಾಗಿ ಅವಳ ಮಡಿಲಲ್ಲಿ ಕೂರಿಸಿಬಿಟ್ಟೆ.

ಅದು ಕಿರುಚಿದ ರೀತಿ ಇನ್ನೂ ನನ್ನ ಕಿವಿಯಲ್ಲಿದೆ. ಬೆನ್ನು ಬಿಲ್ಲಾಗಿಸಿ, ಕಾಲು ಒದ್ದು, ಎರಡೂ ಅಂಗೈಗಳಿಂದ ಅವ್ವನ ಮುಖವನ್ನು ದೂರ ತಳ್ಳಿತು. ಅವ್ವ ಅದರ ಕೆನ್ನೆಯನ್ನು ಒಮ್ಮೆ ಸವರಿದಳು, ಕಾಲನ್ನು ಒಮ್ಮೆ ಹಿಡಿದಳು. ಅದು ಇನ್ನೂ ಜೋರಾಗಿ ಕಿರುಚಿದಾಗ ಎರಡೂ ಕೈ ಮೇಲೆತ್ತಿಬಿಟ್ಟಳು.

"ತಕಾ, ತಕಾ. ಹೆದರ್ತದೆ. ಅದ್ರ ತಪ್ಪಲ್ಲ. ಒಂದ್ ವರ್ಷ ದೂರ ಕೂತು ನಾನೇ ಕಲ್ಸಿದೆ. ಸಮಾ ಕಲ್ತದೆ."

ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡೆ. ಅದು ಬಿಕ್ಕುತ್ತಾ ನನ್ನ ಕತ್ತನ್ನು ಅಪ್ಪಿ ಹಿಡಿಯಿತು. ಅವ್ವ ಚಾಪೆಯ ಮೇಲೆ ಹಾಗೇ ಕೂತು ಅದರ ಬೆನ್ನನ್ನು ನೋಡುತ್ತಿದ್ದಳು. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಕೂಸಿನ ಕೆನ್ನೆ ಹ್ಯಾಂಗದ್ಯೇ? ಮೆತ್ತಗದ್ಯಾ? ನಂಗೆ ಗೊತ್ತಾಗ್ಲಿಲ್ಲ."